ಮೂವತ್ತೇಳೂವರೆ

ಮೂವತ್ತು ಎಂಬ ಸಂಖ್ಯೆಯನ್ನು ಮೇಷ್ಟ್ರು ಬಾಯಿಬಿಟ್ಟು ಹೇಳದೆ ಏಳು ವರ್ಷವಾಗಿತ್ತು. ಇದನ್ನು ಯಾರೂ ಗಮನಿಸಿರಲಿಲ್ಲ, ಗಮನಿಸುವಂಥದ್ದೂ ಅಲ್ಲ. ಅಷ್ಟು ತಿರುಪುಮೊಳೆ ಬೇಕಾದರೆ ಅಂಗಡಿಯಲ್ಲಿ "ಎರಡೂವರೆ ಡಜನ್ ಕೊಡಿ" ಎನ್ನುತ್ತಿದ್ದರು. ಆ ತಾರೀಖು ಬಂದರೆ "ತಿಂಗಳ ಕೊನೆ" ಎನ್ನುತ್ತಿದ್ದರು. ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಕಳೆದ ವರ್ಷ ಯಾರೋ ಕೇಳಿದಾಗ ಹೆಂಡತಿಯ ಕಡೆ ಕೈ ತೋರಿಸಿ, "ಅವಳನ್ನೇ ಕೇಳಿ, ಅನುಭವಿಸಿದವಳು ಅವಳು" ಎಂದು ನಗಿಸಿ ಪಾರಾಗಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸಣ್ಣ ವಿಮಾನಗಳ ಇಂಜಿನ್ನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಶೆಡ್ಡಿನಲ್ಲಿ ಮೂರು ದಶಕಗಳಿಂದ ಕೆಲಸ ಮಾಡುತ್ತಿದ್ದವರು. ಕಾಗದ ಪೆನ್ಸಿಲು ಮುಟ್ಟದೆ ಭಿನ್ನರಾಶಿಗಳನ್ನು ಗುಣಿಸುತ್ತಿದ್ದುದರಿಂದ ಅಲ್ಲಿಯವರು ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೆಸರು ಮೊದಲು ಕೀಟಲೆಯಾಗಿತ್ತು, ಆಮೇಲೆ ಗೌರವವಾಯಿತು, ಕೊನೆಗೆ ಅದೇ ಅವರಾದರು.

ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಾಗ ಹೆಂಡತಿ ಅಡಿಗೆಮನೆಯಿಂದಲೇ, "ಇವತ್ತು ತಾರೀಖು ಮೂವತ್ತು. ನೆನಪಿದೆ ತಾನೆ?" ಎಂದಳು. ಮೇಷ್ಟ್ರು ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿದ್ದನ್ನು ಕಂಡು ಬಿಚ್ಚಿದರು. "ನೆನಪಿದೆ." "ನನ್ನ ತಮ್ಮ ಹತ್ತು ಗಂಟೆಗೆ ನಿಮ್ಮ ಶೆಡ್ಡಿಗೆ ಬರ್ತಾನೆ. ಆ ನಿಮ್ಮ ಮೇಡಂ ಹತ್ರ ನೀವು ಒಂದು ಮಾತು ಆಡಿ. ಸಾಯೋವರೆಗೂ ನೀರಿನ ಪಂಪು ರಿಪೇರಿ ಮಾಡ್ಕೊಂಡೇ ಇರ್ಬೇಕಾ ಅವನು?" "ನೋಡೋಣ." "ನೋಡೋಣ ಅಂದ್ರೆ ನಿಮ್ಮ ಬಾಯಲ್ಲಿ ಇಲ್ಲ ಅಂತ ಅರ್ಥ. ಮದುವೆ ಆದಾಗಿಂದ ಕೇಳ್ತಿದ್ದೀನಿ." ಅವಳು ಊಟದ ಡಬ್ಬಿಯ ಮುಚ್ಚಳ ಬಿಗಿಮಾಡುತ್ತ ಹೊರಬಂದಳು. ಅವಳ ಕೈಯಿಂದ ಅದನ್ನು ತೆಗೆದುಕೊಂಡು ಮೇಷ್ಟ್ರು ತಾವೇ ಒಂದು ಕಾಲು ಸುತ್ತು ಸಡಿಲಿಸಿದರು. ಹೆಂಗಸರು ಮುಚ್ಚಳವನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿ ಮಾಡುತ್ತಾರೆಂದು ಅವರ ಬಹುಕಾಲದ ದೂರು. "ಅವನು ತಪ್ಪು ಮಾಡ್ದ, ಒಪ್ಕೊಂಡ," ಎಂದಳು ಅವಳು, ಈಗ ಮೆಲ್ಲನೆ. "ಒಪ್ಕೊಂಡವನಿಗೆ ಇನ್ನೆಷ್ಟು ವರ್ಷ ಶಿಕ್ಷೆ? ಗ್ಯಾಸಿನ ಒಲೆ ಆರಿಸಿದ್ದೀನಾ ಅಂತ ದಿನಕ್ಕೆ ಮೂರು ಸಲ ಎದ್ದು ನೋಡ್ತಾನಂತೆ. ಅವನ ಹೆಂಡತಿ ಅತ್ಕೊಂಡು ಹೇಳಿದ್ಲು. ಹೇಗಿದ್ದ ಹುಡುಗ, ರೀ." ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು. ಎಡಗಾಲಿನದನ್ನು ಬಲಗಾಲಿಗೆ ಹಾಕಲಿಲ್ಲ, ಅಷ್ಟೇ.

ಹೇಗಿದ್ದ ಎಂಬುದು ಅವರಿಗೂ ಗೊತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು, ಎದುರಿನ ಸೀಟಿನ ಬೆನ್ನಿಗೆ ಜಡಿದ ನಾಲ್ಕು ತಿರುಪುಗಳಲ್ಲಿ ಒಂದು ಇಲ್ಲದ್ದನ್ನು ನೋಡುತ್ತ, ಮೈದುನ ಆ ಶೆಡ್ಡಿಗೆ ಬಂದ ಮೊದಲ ವರ್ಷ ನೆನಪಾಯಿತು. ಬಾಯಿ ಎಂದರೆ ಬಾಯಿ. ಸತ್ತವರನ್ನೂ ಎಬ್ಬಿಸಿ ನಗಿಸಿ ಮಲಗಿಸುವಂಥವನು ಎಂದು ಬಿಡಿಭಾಗಗಳ ಸ್ಟೋರಿನವನು ಹೇಳುತ್ತಿದ್ದ. ಆದರೆ ಕೈಯೂ ಹಾಗೇ ಇತ್ತು. ನಟ್ಟು ಬಿಗಿಯುವಾಗ ಅವನ ತೋಳು ಒಂದೇ ಹದದಲ್ಲಿ, ತೊಟ್ಟಿಲು ತೂಗುವವರ ತೋಳಿನಂತೆ ಬರುತ್ತಿತ್ತು. ಜಗ್ಗುವುದಿಲ್ಲ, ಎಳೆಯುತ್ತಾನೆ ಅಷ್ಟೇ. ಜಗ್ಗುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಲು ಬೇರೆಯವರಿಗೆ ಎರಡು ವರ್ಷ ಬೇಕಾಗುತ್ತಿತ್ತು. ಇವನು ಅದನ್ನು ಹುಟ್ಟುವಾಗಲೇ ತಂದಿದ್ದ. ಆ ಶೆಡ್ಡಿನ ಕಟ್ಟಳೆಯ ಪ್ರಕಾರ ಸಿಲಿಂಡರಿನ ಬುಡದ ನಟ್ಟುಗಳನ್ನು ಒಬ್ಬನೇ ಬಿಗಿಯುವಂತಿಲ್ಲ. ಒಬ್ಬ ಓದಬೇಕು, ಒಬ್ಬ ಎಳೆಯಬೇಕು. ಓದುವವನು ಎಷ್ಟು ಬಿಗಿಗೆಂದು ಸಂಖ್ಯೆ ಹೇಳುತ್ತಾನೆ. ಎಳೆಯುವವನು ಅದನ್ನು ತಿರುಗಿ ಹೇಳಿ, ಪಾನದ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರಿನ, ಹಿಡಿಯನ್ನು ಆ ಸಂಖ್ಯೆಗೆ ತಿರುಗಿಸಿಟ್ಟು ತೋರಿಸುತ್ತಾನೆ. ಆಮೇಲೆ ಎಳೆಯುತ್ತಾನೆ. ಇಟ್ಟ ಸಂಖ್ಯೆ ಮುಟ್ಟಿದಾಗ ಪಾನ 'ಟಕ್' ಎನ್ನುತ್ತದೆ. ಓದುವವನು 'ಒಂದು' ಎನ್ನುತ್ತಾನೆ. ಹೀಗೆ ಎದುರುಬದುರಾಗಿ ಎಂಟು. ಎಂಟೂ ಮುಗಿದ ಮೇಲೆ ಓದುವವನೇ ಪ್ರತಿ ನಟ್ಟಿನಿಂದ ಸಿಲಿಂಡರಿನ ಮೈಗೆ ಕೆಂಪು ಬಣ್ಣದ ಒಂದು ಗೀರು ಎಳೆಯುತ್ತಾನೆ. ಗೀರು ಒಡೆದರೆ ನಟ್ಟು ಅಲುಗಿದೆ ಎಂದು ತಿಳಿಯಲು. ಹನ್ನೊಂದು ವರ್ಷ ಭಾವ ಓದಿದ್ದರು, ಮೈದುನ ಎಳೆದಿದ್ದ. "ನಾವಿಬ್ಬರೂ ಸೇರಿ ಒಬ್ಬ ಮನುಷ್ಯ," ಎನ್ನುತ್ತಿದ್ದ ಅವನು. "ತಲೆ ಭಾವನದು, ಕೈ ನನ್ನದು, ಹೊಟ್ಟೆ ಮಾತ್ರ ಎರಡು."

ಬಸ್ಸು ನಿಂತಿತು. ಇಳಿದವರ ಹಿಂದೆ ಮೇಷ್ಟ್ರೂ ಇಳಿದರು. ಶೆಡ್ಡಿನ ದೊಡ್ಡ ತಗಡಿನ ಬಾಗಿಲಿಗೆ ಬಿಸಿಲು ಬಿದ್ದು, ಒಳಗೆ ಹೋಗುವ ಮೊದಲೇ ಎಣ್ಣೆ ಮತ್ತು ಸೀಮೆಎಣ್ಣೆಯ ವಾಸನೆ ಎದುರುಗೊಂಡಿತು. ಒಳಗೆ, ಬಲಗಡೆಯ ಗೋಡೆಯಲ್ಲಿ, ಕಪ್ಪು ಬಣ್ಣ ಬಳಿದ ಒಂದು ಚೌಕ. ಅದನ್ನು ಬಳಿದವರು ಅವರೇ. ಅದರಲ್ಲಿ ಸೀಮೆಸುಣ್ಣದಲ್ಲಿ ಬರೆದ ನಾಲ್ಕಾರು ಸಂಖ್ಯೆಗಳು, ಅವುಗಳ ಕೆಳಗೆ, ತುಸು ದೊಡ್ಡದಾಗಿ, ಕೊಕ್ಕಿನ ಸಂಖ್ಯೆ. ಸಿಲಿಂಡರಿನ ಬುಡದ ನಟ್ಟು ಅದರ ಮೈ ಸುತ್ತಲಿನ, ಶಾಖ ಆರಿಸುವ ತಗಡು ರೆಕ್ಕೆಗಳ ಅಡಿಯಲ್ಲಿ ಅವಿತಿರುವುದರಿಂದ, ಬಿಗಿ ಅಳೆಯುವ ಆ ಟಾರ್ಕ್ ಪಾನ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಅದರ ಮೂತಿಗೆ ಐದು ಅಂಗುಲದ ಚಪ್ಪಟೆ ತುಂಡೊಂದನ್ನು ಸಿಕ್ಕಿಸಬೇಕು. ಹಕ್ಕಿಯ ಕೊಕ್ಕಿನಂತಿರುವುದರಿಂದ ಅದಕ್ಕೆ ಕೊಕ್ಕು ಎಂದೇ ಹೆಸರು. ಕೊಕ್ಕು ಸೇರಿದರೆ ತೋಳು ಉದ್ದವಾಗುತ್ತದೆ, ತೋಳು ಉದ್ದವಾದರೆ ಪಾನ ತೋರಿಸುವುದಕ್ಕಿಂತ ನಟ್ಟಿನ ಮೇಲೆ ಬೀಳುವ ಬಿಗಿ ಹೆಚ್ಚು. ಎಷ್ಟು ಹೆಚ್ಚು ಎಂಬುದು ಹಿಡಿಯ ಉದ್ದವನ್ನು ಅವಲಂಬಿಸಿದ್ದು. ಇಂಜಿನ್ನಿನ ಪುಸ್ತಕ ಕೇಳುವ ಬಿಗಿ ನಲವತ್ತೈದು. ಹಳೆಯ ಪಾನ ಗೇಣಿಗಿಂತ ಸ್ವಲ್ಪ ಉದ್ದ, ಹತ್ತು ಅಂಗುಲ. ಹತ್ತಕ್ಕೆ ಐದು ಸೇರಿ ಹದಿನೈದಾದಾಗ, ನಲವತ್ತೈದು ಬೀಳಬೇಕಾದರೆ ಪಾನವನ್ನು ಎಷ್ಟಕ್ಕೆ ಇಡಬೇಕು? ಎಷ್ಟೋ ವರ್ಷಗಳ ಹಿಂದೆ ಇದನ್ನು ಮೇಷ್ಟ್ರು ಒಂದು ಉಸಿರಿನಲ್ಲಿ ಲೆಕ್ಕ ಹಾಕಿ ಚೌಕದಲ್ಲಿ ಬರೆದಿದ್ದರು. ಬರೆದದ್ದು ಗೋಡೆಯಾಯಿತು. ಆಮೇಲೆ ಯಾರೂ ಲೆಕ್ಕ ಮಾಡಲಿಲ್ಲ. ಮೇಷ್ಟ್ರೂ ಮಾಡಲಿಲ್ಲ.

ಅಲ್ಲಿ ಈಗ ಮೂವತ್ತಾರು ಎಂದಿತ್ತು. ಅವರು ಪ್ರತಿದಿನ ಅದರ ಮುಂದೆ ಹಾದುಹೋಗುತ್ತಿದ್ದರು, ಪ್ರತಿದಿನ ಅದು ಸರಿಯಾಗಿತ್ತು.

ಏಳು ವರ್ಷದ ಹಿಂದೆ ಹಳೆಯ ಪಾನವನ್ನು ವಾರ್ಷಿಕ ಪರೀಕ್ಷೆಗೆ ಕಳಿಸಿದ್ದು, ಅದು ಕೆಟ್ಟಿದೆಯೆಂದು ಪರೀಕ್ಷೆಯವರು ತಿರುಗಿ ಕಳಿಸದೆ ಹೊಸದನ್ನು ಕೊಟ್ಟದ್ದು, ಆ ಹೊಸದು ಒಂದು ಸೋಮವಾರ ಬಂದದ್ದು, ಎಲ್ಲ ಮೊನ್ನೆ ಮೊನ್ನೆಯದೆಂಬಂತೆ ಕಣ್ಣಿಗೆ ಕಟ್ಟಿತ್ತು. ಮೈದುನ ಅದನ್ನು ಪೆಟ್ಟಿಗೆಯಿಂದ ಎತ್ತಿ, "ಭಾವ, ಇದು ಪಾನ ಅಲ್ಲ, ಊರುಗೋಲು. ನಿಮಗೆ ಮುಂದೆ ಬೇಕಾಗುತ್ತೆ ಅಂತ ಕಳಿಸಿದ್ದಾರೆ" ಎಂದಿದ್ದ. ಮೊಳಕ್ಕಿಂತ ಎರಡಂಗುಲ ಉದ್ದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಗುತ್ತಲೇ ಗೋಡೆ ನೋಡಿದರು, ಗೋಡೆಯಲ್ಲಿದ್ದುದನ್ನು ಓದಿದರು. ಮೈದುನ ತಿರುಗಿ ಹೇಳಿದ, ಇಟ್ಟ, ತೋರಿಸಿದ, ಎಳೆದ. ಐದನೆಯ ನಟ್ಟಿನ ಮೇಲೆ ಕೊಕ್ಕು ಇಡುತ್ತ, "ಛತ್ರಿ ಅಂಗಡಿಯವನ ಕಥೆ ಗೊತ್ತಾ?" ಎಂದು ಶುರುಮಾಡಿದ್ದ. ಗಿರಾಕಿ ಕೇಳ್ತಾನೆ, ಈ ಛತ್ರಿ ಎಷ್ಟು ವರ್ಷ ಬಾಳುತ್ತೆ ಅಂತ. ಅಂಗಡಿಯವನು ಹೇಳ್ತಾನೆ, ನಿಮ್ಮ ಮೊಮ್ಮಗನ ಕಾಲದವರೆಗೂ ಬಾಳುತ್ತೆ ಸ್ವಾಮಿ, ಬಿಸಿಲಿಗೆ ಮಳೆಗೆ ಮಾತ್ರ ಹಿಡೀಬೇಡಿ. ಅಷ್ಟರಲ್ಲಿ ಆರು ಆಗಿತ್ತು. ಮೇಷ್ಟ್ರು 'ಆರು' ಎಂದಿದ್ದರು, ನಗುವಿನ ನಡುವೆ. ಎಂಟೂ ಆದವು. ಎಂಟಕ್ಕೂ ಅವರೇ ಕೆಂಪು ಗೀರು ಎಳೆದರು.

ಎರಡು ತಿಂಗಳ ನಂತರ ಆ ಸಿಲಿಂಡರಿನ ಬುಡ ಆಕಾಶದಲ್ಲಿ ಸಡಿಲವಾಗಿ ಒಡೆಯಿತು. ಹಾರಿಸುವುದನ್ನು ಕಲಿಸುತ್ತಿದ್ದ ಮನುಷ್ಯ ವಿಮಾನವನ್ನು ಒಂದು ಉತ್ತ ಹೊಲದಲ್ಲಿ ಇಳಿಸಿದ. ಜೀವ ಉಳಿಯಿತು, ಎಡಮಂಡಿ ಮಡಚದಾಯಿತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮೇಷ್ಟ್ರು ಶೆಡ್ಡಿಗೆ ಬಂದಿದ್ದರು, ಯಾಕೆಂದು ಅವರಿಗೇ ತಿಳಿಯದೆ. ಪಾನವನ್ನು ಪೆಟ್ಟಿಗೆಯಲ್ಲಿಡಲು ಎತ್ತಿಕೊಂಡಾಗ ಅದರ ತುದಿ ಮುಂಗೈ ದಾಟಿ ಮೊಣಕೈಗೆ ತಗುಲಿತು. ಅಲ್ಲೇ ಲೆಕ್ಕ ಬಂತು. ಕರೆಯದೆ ಬಂತು. ಇಪ್ಪತ್ತಕ್ಕೆ ಇಪ್ಪತ್ತೈದು, ಬಿದ್ದದ್ದು ಮೂವತ್ತೇಳೂವರೆ, ಬೀಳಬೇಕಾದ್ದು ನಲವತ್ತೈದು, ಆರರಲ್ಲಿ ಒಂದು ಪಾಲು ಕಡಿಮೆ, ಎಂಟೂ ನಟ್ಟಿಗೆ. ಇದಾದ ಮೇಲೆ ಅವರು ಮಾಡಿದ್ದು ಒಂದು ನಿಮಿಷದ ಕೆಲಸ. ಒದ್ದೆ ಬಟ್ಟೆ, ಸೀಮೆಸುಣ್ಣ. ಅವರಿಗೆ ನೆನಪಿದ್ದುದು ಆ ಬಟ್ಟೆಯನ್ನು ಎರಡು ಸಲ ಹಿಂಡಿದ್ದು, ನೀರು ಬೆಳ್ಳಗೆ ಹೋದದ್ದು. ಹೊಸ ಸಂಖ್ಯೆಯನ್ನು ಹಳೆಯದರ ಹಾಗೇ ಬರೆಯಲು ಪ್ರಯತ್ನಿಸಿದ್ದರು. ಮೊದಲ ಅಂಕಿ ಹೇಗೂ ಅದೇ.

"ಎಷ್ಟಕ್ಕೆ ಇಟ್ಟಿದ್ರಿ?" ಎಂದು ವಾರದ ನಂತರ ವಿಚಾರಣೆಗೆ ಬಂದ ಅಧಿಕಾರಿ ಕೇಳಿದಾಗ ಮೈದುನ, "ಗೋಡೆ ಮೇಲೆ ಬರೆದಿರೋದಕ್ಕೆ ಸಾರ್, ಯಾವಾಗ್ಲೂ ಅಷ್ಟೇ" ಎಂದಿದ್ದ. ಅಧಿಕಾರಿ ತನ್ನ ಟಿಪ್ಪಣಿ ನೋಡಿದ. ಗೋಡೆಯ ಸಂಖ್ಯೆಯನ್ನು ಹಿಂದಿನ ದಿನವೇ ಬರೆದುಕೊಂಡು ಲೆಕ್ಕ ಕಟ್ಟಿದ್ದ, ಸರಿಯಿತ್ತು. ಪಾನವನ್ನು ಪರೀಕ್ಷೆ ಮಾಡಿಸಿದ್ದ, ಅದೂ ಸರಿಯಿತ್ತು. ಗೀರುಗಳು ಒಡೆದಿರಲಿಲ್ಲ, ಅಂದರೆ ಬಿಗಿದದ್ದೇ ಕಡಿಮೆ. ಉಳಿದದ್ದು ಕೈ. "ನಡುವೆ ಏನಾದ್ರೂ ಮಾತಾಡಿದ್ರಾ?" "ಒಂದು ಜೋಕ್ ಹೇಳಿದ್ದೆ, ಸಾರ್." ಅಧಿಕಾರಿ ಅದನ್ನು ಬರೆದುಕೊಂಡ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರನ್ನು, "ನೀವು ಪ್ರತಿಯೊಂದು 'ಟಕ್' ಕೇಳಿಸ್ಕೊಂಡ್ರಾ?" ಎಂದ. ಹೌದು ಎಂದರೆ ಮೈದುನ ಉಳಿಯುತ್ತಿದ್ದ. ಹಾಗಾದರೆ ತಪ್ಪು ಇನ್ನೆಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. "ಐದರ ತನಕ ಕೇಳಿದೆ," ಎಂದಿದ್ದರು ಮೇಷ್ಟ್ರು. "ಆಮೇಲೆ ನಾವು ನಗ್ತಿದ್ವಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇಲ್ಲಿ ಎತ್ತೇ ಬರೆಯ ಸಲಾಕೆ ಕಾಯಿಸಿ ಕೊಟ್ಟಿತು. ಮೈದುನನ ಪರವಾನಗಿ ಹೋಯಿತು. ಅವನು ಒಂದು ಮಾತೂ ಎದುರಾಡಲಿಲ್ಲ. ಆರನೆಯದನ್ನೋ ಏಳನೆಯದನ್ನೋ ತಾನು ಬಿಟ್ಟಿರಬೇಕೆಂದು ಅವನೇ ನಂಬಿದ. ಮಂಡಿ ಮಡಚದ ಆ ಮನುಷ್ಯ ಕೋಲೂರಿಕೊಂಡು ಒಮ್ಮೊಮ್ಮೆ ಶೆಡ್ಡಿಗೆ ಬರುತ್ತಾನೆ. ಬಂದಾಗ ಮೇಷ್ಟ್ರ ಕೈ ಕುಲುಕಿ, "ನಿಮ್ಮ ಮೈದುನನ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಿ" ಎನ್ನುತ್ತಾನೆ. ಮೇಷ್ಟ್ರು ಹೇಳುತ್ತೇನೆ ಎನ್ನುತ್ತಾರೆ. ಹೇಳಿಯೂ ಇದ್ದಾರೆ.

"ಮೇಷ್ಟ್ರೇ, ನಿಮ್ಮೋರು ಬಂದ್ರು," ಎಂದು ಸ್ಟೋರಿನವನು ಕಿಂಡಿಯಿಂದ ಕೂಗಿದ. ಮೈದುನ ಬಾಗಿಲಲ್ಲಿ ನಿಂತಿದ್ದ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದವನಂತೆ. ತಲೆಯ ಮುಂಭಾಗ ನರೆತಿತ್ತು. ಅಂಗಿಗೆ ಇಸ್ತ್ರಿ ಮಾಡಿತ್ತು. "ಏನಪ್ಪಾ ಪಂಪಿನ ಡಾಕ್ಟ್ರೇ," ಎಂದ ಸ್ಟೋರಿನವನು, ಹಳೆಯ ಸಲುಗೆಯಿಂದ. "ನೀರಲ್ಲಿದ್ದೋರು ಗಾಳಿಗೆ ಹಾರೋಕೆ ಬಂದ್ರಾ?" ಏಳು ವರ್ಷದ ಹಿಂದೆ ಇದಕ್ಕೆ ಮೂರು ಉತ್ತರ ಬರುತ್ತಿದ್ದವು, ಒಂದಕ್ಕಿಂತ ಒಂದು ಪೋಲಿಯಾಗಿ. "ಹೌದಣ್ಣ," ಎಂದ ಮೈದುನ. ಸ್ಟೋರಿನವನು ಇನ್ನೂ ಸ್ವಲ್ಪ ಹೊತ್ತು ಕಾದು, "ಅಯ್ಯೋ, ಉಪ್ಪಿಲ್ಲದ ಊಟ ಆಗ್ಬಿಟ್ಟೆಯಲ್ಲೋ" ಎಂದು ತಲೆ ಒಳಗೆಳೆದುಕೊಂಡ.

ಮೇಡಂ ಮೂರು ವರ್ಷದ ಹಿಂದೆ ಶೆಡ್ಡಿನ ಮುಖ್ಯಸ್ಥೆಯಾಗಿ ಬಂದವರು, ಹಳೆಯದು ಅವರಿಗೆ ಕಡತದಲ್ಲಿ ಓದಿ ಗೊತ್ತು. ಮೈದುನನ ಅರ್ಜಿಯನ್ನು ಕೈಯಲ್ಲಿ ಹಿಡಿದೇ ಬಂದರು. "ನೋಡಿ, ನನ್ನ ಅಜಾಗರೂಕತೆಯಿಂದ ಆದದ್ದು ಅಂತ ನೀವೇ ಬರೆದಿದ್ದೀರಿ. ನನಗೆ ಅದು ಹಿಡಿಸ್ತು. ನೆಪ ಹೇಳೋರನ್ನ ಬಹಳ ನೋಡಿದ್ದೀನಿ. ಪರವಾನಗಿ ವಾಪಸ್ ಕೊಡ್ಸೋಕೆ ನಾನು ಶಿಫಾರಸು ಬರೀಬಹುದು. ಆದ್ರೆ ಮೊದಲು ಕೈ ನೋಡ್ಬೇಕು." ಪಾಠಕ್ಕೆಂದು ಇಟ್ಟಿದ್ದ ಹಳೆಯ ಇಂಜಿನ್ ಸ್ಟ್ಯಾಂಡಿನ ಮೇಲೆ ಇತ್ತು, ನಾಲ್ಕು ಸಿಲಿಂಡರಿನದು. ಒಂದರ ಎಂಟೂ ನಟ್ಟುಗಳನ್ನು ಸಡಿಲಿಸಿಟ್ಟಿದ್ದರು. "ಮೇಷ್ಟ್ರು ಓದಲಿ. ನೀವು ಎಳೀರಿ."

ಎಣ್ಣೆ ಹಾಕಿ ಒರೆಸಿದ ಬೆಂಚಿನ ಮೇಲೆ ಪಾನ, ಪಾನದ ಮೂತಿಗೆ ಕೊಕ್ಕು. ಮೈದುನ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮೇಷ್ಟ್ರು ಗೋಡೆಯ ಕಡೆ ನೋಡಲಿಲ್ಲ. "ಮೂವತ್ತಾರು," ಎಂದರು. "ಮೂವತ್ತಾರು," ಎಂದ ಮೈದುನ, ಹಿಡಿ ತಿರುಗಿಸತೊಡಗಿ, ನಿಲ್ಲಿಸಿದ. "ಕೊಕ್ಕಿಗೆ ಮೂವತ್ತಲ್ವಾ, ಭಾವ?" ಮೇಡಂ ಕತ್ತೆತ್ತಿದರು. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಯಾರೋ ತಗಡು ಉಜ್ಜುತ್ತಿದ್ದುದು ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಗಿ ಸೀಮೆಸುಣ್ಣ ಹುಡುಕಿತು, ಅಲ್ಲಿ ಇರಲಿಲ್ಲ. ಅವರು ಉತ್ತರ ಕೊಡಬೇಕಾಗಲಿಲ್ಲ. "ಗೋಡೆ ಮೇಲೆ ಮೂವತ್ತಾರೇ ಇದೆಯಲ್ಲ," ಎಂದರು ಮೇಡಂ. ಮೈದುನ ಗೋಡೆ ನೋಡಿ, ನಾಚಿಕೊಂಡು, "ಹೌದು ಹೌದು. ಕ್ಷಮಿಸಿ ಮೇಡಂ. ನನ್ನ ನೆನಪನ್ನ ನಾನೇ ನಂಬೋ ಹಾಗಿಲ್ಲ ಬಿಡಿ" ಎಂದ. ಆ ನಾಚಿಕೆಯನ್ನು ಮೇಷ್ಟ್ರು ಸಮೀಪದಿಂದ ನೋಡಿದರು. ಕಿವಿಯ ತುದಿ ಕೆಂಪಾಗಿತ್ತು. ನಲವತ್ತೈದು ದಾಟಿದ ಗಂಡಸಿನ ಕಿವಿ.

ಅವನು ಎಳೆದ. 'ಟಕ್' ಎಂದಿತು. "ಒಂದು." ಅವನು ಪಾನ ತೆಗೆಯಲಿಲ್ಲ, ಮತ್ತೆ ಎಳೆದ, ಮತ್ತೆ 'ಟಕ್'. ಎದುರಿನದಕ್ಕೆ ಹೋದ. ಒಮ್ಮೆ, ಎರಡು ಸಲ, ಮೂರನೆಯ ಸಲ. ತೋಳು ತೂಗುತ್ತಿರಲಿಲ್ಲ, ಜಗ್ಗುತ್ತಿತ್ತು. "ಒಂದು ನಟ್ಟಿಗೆ ಒಂದೇ ಸಲ," ಎಂದರು ಮೇಡಂ. "ಮೇಲೆ ಮೇಲೆ ಎಳೆದ್ರೆ ಪ್ರತಿ ಸಲ ಒಂದಿಷ್ಟು ಹೆಚ್ಚು ಬಿಗಿಯುತ್ತೆ." "ಗೊತ್ತು ಮೇಡಂ." ನಾಲ್ಕನೆಯದನ್ನು ಒಂದೇ ಸಲ ಎಳೆದು, ಬಿಟ್ಟು, ಐದನೆಯದಕ್ಕೆ ಹೋಗಿ, ಅಲ್ಲಿಂದ ತಿರುಗಿ ನಾಲ್ಕನೆಯದಕ್ಕೆ ಬಂದು, "ಇದು ಆಯ್ತಾ ಭಾವ? ಕೇಳಿಸ್ತಾ ನಿಮಗೆ?" ಎಂದ. "ಆಯ್ತು." "ನಿಜವಾಗ್ಲೂ?" ಆರನೆಯ ನಟ್ಟಿನ ಮುಂದೆ ಅವನ ಕೈ ನಿಂತೇಬಿಟ್ಟಿತು. ಬೆವರು ಮೂಗಿನ ತುದಿಯಿಂದ ಸಿಲಿಂಡರಿನ ರೆಕ್ಕೆಯ ಮೇಲೆ ಬಿತ್ತು; ಅದನ್ನು ಅವನು ತೋಳಿನಿಂದ ಒರೆಸಿದ, ಪರರ ಮನೆಯಲ್ಲಿ ನೀರು ಚೆಲ್ಲಿದವರಂತೆ. ಮೇಡಂ ಕೆಟ್ಟವರಲ್ಲ. "ಸಾಕು, ಬಿಡಿ," ಎಂದರು. "ನಿಮಗೆ ಕೆಲಸ ಬರೋಲ್ಲ ಅಂತ ನಾನು ಹೇಳಲ್ಲ. ಆದ್ರೆ ಈ ಕೈಗೆ ತನ್ನ ಮೇಲೇ ನಂಬಿಕೆ ಇಲ್ಲ. ಅಂಥ ಕೈಯನ್ನ ಇಂಜಿನ್ ಮೇಲೆ ನಾನು ಇಡ್ಸೋಕಾಗಲ್ಲ." ಅರ್ಜಿಯನ್ನು ಮಡಚಿಕೊಂಡು ಅವರು ತಮ್ಮ ಕೋಣೆಗೆ ಹೋದರು.

ಮೈದುನ ಕೊಕ್ಕನ್ನು ಬಿಚ್ಚಿ, ಒರೆಸಿ, ಅದರ ಜಾಗದಲ್ಲಿಟ್ಟ. ಜಾಗ ಅವನಿಗೆ ಮರೆತಿರಲಿಲ್ಲ. "ಬಿಡಿ ಭಾವ, ಬೇಜಾರು ಮಾಡ್ಕೋಬೇಡಿ. ಅಕ್ಕಂಗೆ ನಾನೇ ಹೇಳ್ತೀನಿ. ಆ ಮೇಡಂ ಹೇಳಿದ್ದು ಸರಿಯಾಗೇ ಇದೆ." ಅವನು ಸಮಾಧಾನ ಹೇಳುತ್ತಿದ್ದ. ಇದನ್ನು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅವನು ಬೈದಿದ್ದರೆ, ಅತ್ತಿದ್ದರೆ, ಬಹುಶಃ ಅವರು ಇನ್ನೂ ಏಳು ವರ್ಷ ತಡೆಯುತ್ತಿದ್ದರು.

"ಮೂವತ್ತೇ ಇತ್ತು," ಎಂದರು. ಬಾಯಿಂದ ಹೊರಬಿದ್ದ ಸಂಖ್ಯೆ ಅವರ ಕಿವಿಗೆ ಬೇರೆ ಯಾರೋ ಹೇಳಿದಂತೆ ಕೇಳಿತು.

"ಏನು?"

"ಗೋಡೆ ಮೇಲೆ. ನಿನ್ನ ನೆನಪು ಸರಿ. ಹಳೇ ಪಾನದ ಲೆಕ್ಕ ಅದು. ಹೊಸ ಪಾನ ಬಂದಾಗ ನಾನು ಲೆಕ್ಕ ಬದಲಾಯಿಸಲಿಲ್ಲ. ನೀನು ಎಂಟೂ ನಟ್ಟು ಸರಿಯಾಗಿ ಎಳೆದಿದ್ದೆ. ನಾನು ಓದಿದ್ದು ತಪ್ಪು."

ಮೈದುನ ಅವರನ್ನು ದಿಟ್ಟಿಸಿ ನೋಡಿದ. ಆಮೇಲೆ, ಆ ದಿನ ಮೊದಲ ಬಾರಿಗೆ, ಸಣ್ಣಗೆ ನಕ್ಕ. "ಭಾವ, ನನ್ನ ಸಮಾಧಾನಕ್ಕೆ ಅಂತ ಹೀಗೆಲ್ಲ ಹೇಳ್ಬೇಡಿ. ಅಕ್ಕ ಹೇಳಿಕೊಟ್ಟಳಾ? ನೀವು ಲೆಕ್ಕ ತಪ್ಪೋದು ಅಂದ್ರೆ ಸೂರ್ಯ ಬಸ್ ತಪ್ಪಿಸ್ಕೊಂಡ ಹಾಗೆ." ಮೇಷ್ಟ್ರು ಸಿಟ್ಟಾದರು, ನಂಬದ ಅವನ ಮೇಲೆ, ಅವನು ನಂಬದಷ್ಟು ಗಟ್ಟಿಯಾಗಿ ಕಟ್ಟಿಕೊಂಡ ತಮ್ಮ ಹೆಸರಿನ ಮೇಲೆ. "ಪಾನ ಅಳೆ," ಎಂದರು. "ಬೇಡ ಬಿಡಿ." "ಅಳೆ ಅಂದೆ." ಮೈದುನ ಬೆಂಚಿನ ಮೇಲಿದ್ದ ಉಕ್ಕಿನ ಅಡಿಪಟ್ಟಿಯನ್ನು ಪಾನದ ಮೇಲಿಟ್ಟ, ಮೂತಿಯ ನಡುವಿನಿಂದ ಹಿಡಿಯ ನಡುವಿನವರೆಗೆ. "ಇಪ್ಪತ್ತು." "ಕೊಕ್ಕು?" "ಐದು." "ಒಟ್ಟು?" "ಇಪ್ಪತ್ತೈದು." "ಇಪ್ಪತ್ತು ಇದ್ದದ್ದು ಇಪ್ಪತ್ತೈದಾಯ್ತು. ಪಾನ ಮೂವತ್ತು ಅಂದಾಗ ನಟ್ಟಿಗೆ ಎಷ್ಟು ಬೀಳುತ್ತೆ? ನೀನೇ ಹೇಳು. ನಾನು ಹೇಳೋಲ್ಲ." ಮೈದುನ ಬೆಂಚಿನ ಎಣ್ಣೆಯ ಮೇಲೆ ಬೆರಳಿನಿಂದ ಬರೆದ. ಲೆಕ್ಕದಲ್ಲಿ ಅವನು ಎಂದೂ ಚುರುಕಲ್ಲ. ಮೂವತ್ತನ್ನು ಇಪ್ಪತ್ತೈದರಿಂದ ಗುಣಿಸಿ, ಒಂದು ಸೊನ್ನೆ ತಪ್ಪಿ, ಅಳಿಸಿ, ಮತ್ತೆ ಬರೆದು, ಇಪ್ಪತ್ತರಿಂದ ಭಾಗಿಸಿದ. ಮೇಷ್ಟ್ರು ಉತ್ತರವನ್ನು ನಾಲಿಗೆಯ ಕೆಳಗೆ ಹಿಡಿದುಕೊಂಡು ನಿಂತರು. "ಮೂವತ್ತೇಳು..." ಎಂದ ಅವನು. ಬೆರಳು ನಿಂತಿತು. "ಮೂವತ್ತೇಳೂವರೆ."

ಅವನು ಬಹಳ ಹೊತ್ತು ಆ ಬರಹವನ್ನೇ ನೋಡಿದ. "ಹಾಗಾದ್ರೆ ಆರನೇದು ನಾನು ಬಿಟ್ಟಿರಲಿಲ್ಲ."

"ಇಲ್ಲ."

"ಏಳನೇದೂ?"

"ಯಾವುದೂ ಇಲ್ಲ."

ಅವನು ತಲೆ ಎತ್ತಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದುದು ಅದಕ್ಕಿಂತ ಕಷ್ಟದ್ದು, ಒಂದು ಬೇಡಿಕೆ. "ನಿಮಗೂ ಈಗ ಗೊತ್ತಾಯ್ತಾ, ಭಾವ? ಈಗ, ನಾನು ಮೂವತ್ತು ಅಂದಾಗ?"

ದಾರಿ ತೆರೆದಿತ್ತು. ಅವನೇ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತಿದ್ದ. ಹೌದು ಎಂಬ ಒಂದು ಮಾತು; ಅದರಿಂದ ಮೈದುನನ ಹೆಸರು ಉಳಿಯುತ್ತಿತ್ತು, ಕೈ ಉಳಿಯುತ್ತಿತ್ತು, ಭಾವನೂ ಉಳಿಯುತ್ತಿದ್ದರು, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಹೌದು ಎನ್ನಲು ಮೇಷ್ಟ್ರು ಬಾಯಿ ತೆರೆದದ್ದು ನಿಜ. ಇದನ್ನು ಅವರು ಆಮೇಲೆ ತಮ್ಮಿಂದ ಮುಚ್ಚಿಡಲಿಲ್ಲ. ಬೆಂಚಿನ ಎಣ್ಣೆಯಲ್ಲಿ ಅವನು ಬರೆದ ಅಂಕಿಗಳು ಮೆಲ್ಲಗೆ ಕೂಡಿಕೊಂಡು ಮಾಯವಾಗುತ್ತಿದ್ದವು.

"ವಿಮಾನ ಬಿದ್ದ ಮಾರನೇ ದಿನ," ಎಂದರು. "ಬೆಳಿಗ್ಗೆ. ಗೋಡೆ ಒರೆಸಿ ಮೂವತ್ತಾರು ಬರೆದೋನು ನಾನೇ. ವಿಚಾರಣೆಗೆ ಮುಂಚೆ."

ಮೇಷ್ಟ್ರು ಏಟಿಗೆ ಕಾದರು, ಬೈಗುಳಕ್ಕೆ ಕಾದರು, ಅಕ್ಕನ ಹೆಸರಿಗೆ ಕಾದರು. ಅವನು ಬೆಂಚಿನ ಮೇಲಿದ್ದ ಹತ್ತಿಯ ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿದ, ಕಿರುಬೆರಳಿನಿಂದ ಶುರುಮಾಡಿ. ಹೆಬ್ಬೆರಳು ಮುಗಿದ ಮೇಲೆ ಬಟ್ಟೆ ಮಡಚಿಟ್ಟು ಮೇಡಂ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಈ ಸಲ ಚಪ್ಪಲಿಯ ಯೋಚನೆ ಮಾಡಲಿಲ್ಲ.

"ಮೇಡಂ, ಇನ್ನೊಂದು ಸಲ ಎಳೀತೀನಿ. ಎಂಟೂ ಸಡಿಲ ಮಾಡಿ ಮೊದಲಿಂದ. ಓದೋದಕ್ಕೆ ಮಾತ್ರ ಬೇರೆ ಯಾರನ್ನಾದ್ರೂ ಕೊಡಿ."

"ಯಾಕೆ? ಮೇಷ್ಟ್ರು ಇದ್ದಾರಲ್ಲ?"

"ಅವರು ಬೇಡ."

ಮೇಡಂ ಅವನ ಹೆಗಲಿನಾಚೆ ನೋಡಿದರು. ಮೇಷ್ಟ್ರು ಹತ್ತಿರ ಬಂದು ನಿಂತು ಹೇಳಿದರು. ನಾಲ್ಕೇ ವಾಕ್ಯ, ಅಳತೆಗಳ ಸಮೇತ. ಮುಗಿದ ಮೇಲೆ ಮೇಡಂ, ಹಿಂದೆ ಎಂದೂ ಅವರೊಡನೆ ಆಡಿರದ ದನಿಯಲ್ಲಿ, "ಇದನ್ನೆಲ್ಲ ಬರೆದು ಕೊಡಿ" ಎಂದರು. "ಅಲ್ಲಿ ಹೊರಗಡೆ ಮೇಜಿದೆ. ಇವತ್ತು ಇನ್ಯಾವ ಇಂಜಿನ್ನನ್ನೂ ಮುಟ್ಟಬೇಡಿ." ಆಮೇಲೆ ಕಿಂಡಿಯ ಕಡೆ ತಿರುಗಿ ಸ್ಟೋರಿನವನನ್ನು ಕರೆದರು. "ನಾನಾ?" ಎಂದ ಅವನು. "ಮೇಷ್ಟ್ರಿಗೇನಾಯ್ತು, ಗಂಟಲು ಕಟ್ತಾ?" ಕನ್ನಡಕ ಹುಡುಕಿಕೊಂಡು ಬಂದ.

ಮೇಜು ಗೋಡೆಗೆ ಒತ್ತಿ ಇತ್ತು, ಕೂತರೆ ಬೆನ್ನು ಇಂಜಿನ್ನಿನ ಕಡೆಗೆ. ಮೇಷ್ಟ್ರು ಬಿಳಿಯ ಹಾಳೆಯನ್ನು ನೇರಮಾಡಿಕೊಂಡರು. ಮೊದಲ ವಾಕ್ಯಕ್ಕೆ ಪದ ಹುಡುಕಬೇಕಾಗಿರಲಿಲ್ಲ, ಅದು ಎಷ್ಟೋ ವರ್ಷದಿಂದ ಸಿದ್ಧವಾಗಿತ್ತು. ಆದರೂ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಹಿಂದೆ ಸ್ಟೋರಿನವನು ಪಡಿತರದ ಅಂಗಡಿಯಲ್ಲಿ ಹೆಸರು ಕೂಗುವವನ ಹಾಗೆ, "ಮೂವತ್ತಾರು!" ಎಂದ. "ಒಂದು ನಿಮಿಷ," ಎಂದ ಮೈದುನನ ದನಿ. "ಅಳೆದು ನೋಡ್ತೀನಿ." ಅಡಿಪಟ್ಟಿ ಉಕ್ಕಿಗೆ ತಗುಲಿದ ಸದ್ದು. ಗೊಣಗುಟ್ಟುತ್ತ ನಿಧಾನವಾಗಿ ಗುಣಿಸಿದ್ದು, ಭಾಗಿಸಿದ್ದು, ಅದಕ್ಕೆ ಬೇಕಾದಷ್ಟು ಹೊತ್ತು. "ಸರಿ. ಮೂವತ್ತಾರು." ಆಮೇಲೆ 'ಟಕ್'. "ಒಂದು," ಎಂದ ಸ್ಟೋರಿನವನು. ಮೇಷ್ಟ್ರು ಎರಡನೆಯ 'ಟಕ್'ಗಾಗಿ ಭುಜ ಬಿಗಿಹಿಡಿದು ಕಾದರು. ಬರಲಿಲ್ಲ; ಕೊಕ್ಕು ನಟ್ಟಿನಿಂದ ಕಳಚಿ ಎದುರಿನದಕ್ಕೆ ಹೋಯಿತು. 'ಟಕ್'. "ಎರಡು." ಸ್ಟೋರಿನವನು ತಡವಾಗಿ ಎಣಿಸುತ್ತಿದ್ದ, ಸದ್ದು ಆದಮೇಲೆ ಒಂದು ಕ್ಷಣ ಯೋಚಿಸಿ. ಹಾಗೆ ಎಣಿಸಬಾರದು, ಎಳೆಯುವವನ ಲಯ ತಪ್ಪುತ್ತದೆ. ಮೂರನೆಯದೂ ಒಂದೇ ಸಲ. ನಾಲ್ಕನೆಯದರ ಸದ್ದು ಬಂದು, ನಿಂತು, ಅದರ ಎಣಿಕೆ ಬರಲು ತಡವಾಯಿತು. ಮೇಷ್ಟ್ರ ನಾಲಿಗೆ ಮೇಲಂಗುಳಕ್ಕೆ ಅಂಟಿ ಸಂಖ್ಯೆಯನ್ನು ಹೊರಡಿಸಲು ಸಿದ್ಧವಾಗಿತ್ತು. ಅದನ್ನು ಹೇಳಬೇಕಾದ ಬಾಯಿ ಅವರದಲ್ಲ ಎಂದು ಅರಿವಾಗಿ, ಹಲ್ಲು ಕಚ್ಚಿ, ಬೇರೊಬ್ಬರು ಅದನ್ನು ಹೇಳುವವರೆಗೂ ಅವರು ಕಾದರು.